ಕರೆಂಟು ಹೋದರೆ ಡಬ್ಬಿ ಮೇಣದಬತ್ತಿ



ನಮ್ಮ ಕಡೆ ಮಳೆ ಕಡಿಮೆ. ಗಾಳಿ ಜೋರು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಯಾವ ಸೀಮೆಯ ಊರಾದರೂ ಸರಿ. ಏಪ್ರಿಲ್, ಮೇ ತಿಂಗಳು ಬಂತೆಂದರೆ ಸಂಜೆ ಹೊತ್ತು ಮೋಡ ಕಟ್ಟುತ್ತದೆ. ಧೂಳು ಏಳುತ್ತದೆ. ನಾಲ್ಕು ಹನಿ ಬೀಳುವುದರೊಳಗೆ ಕರೆಂಟು ಹೋಗುತ್ತದೆ. ಮರ ಬಿದ್ದು ತಂತಿ ಹರಿದರೆ ರಾತ್ರಿಯೆಲ್ಲ ಕತ್ತಲು.

ಆಗ ಏನಾಗುತ್ತದೆ? ಹಂಚಿನ ಮೇಲೆ ರೊಟ್ಟಿ ಇರುತ್ತದೆ. ತೊಟ್ಟಿಲಲ್ಲಿ ಕೂಸು ಅಳುತ್ತದೆ. ಸೊಪ್ಪೆ ಇಟ್ಟ ಮೂಲೆಯಲ್ಲಿ ಚೇಳು ಇದ್ದರೂ ಕಾಣುವುದಿಲ್ಲ. ಮೊಬೈಲಿನ ಬೆಳಕು ಹಾಕುತ್ತೇವೆ. ಒಂದೆರಡು ತಾಸಿಗೆ ಅದರ ಚಾರ್ಜು ಮುಗಿಯುತ್ತದೆ. ಅದೇ ರಾತ್ರಿ ಯಾರಿಗಾದರೂ ಹೆರಿಗೆ ನೋವು ಬಂದರೆ 108ಕ್ಕೆ ಫೋನು ಮಾಡುವುದು ಹೇಗೆ? ಆದ್ದರಿಂದ ಫೋನಿನ ಚಾರ್ಜು ಫೋನಿಗೇ ಇರಲಿ. ಬೆಳಕಿಗೆ ಬೇರೆ ದಾರಿ ಇರಬೇಕು.

ನಮ್ಮ ಅಜ್ಜಿಯರ ಕಾಲದಲ್ಲಿ ಹರಳೆಣ್ಣೆ ದೀಪ ಇತ್ತು. ಹೊಂಗೆ ಎಣ್ಣೆ ದೀಪ ಇತ್ತು. ಮೈಲಾರ ಜಾತ್ರೆಗೆ ಹೋಗುವಾಗ ಚಕ್ಕಡಿಯ ಕೆಳಗೆ ಕಂದೀಲು ತೂಗುತ್ತಿತ್ತು. ಆಮೇಲೆ ಮನೆ ಮನೆಗೆ ಸೀಮೆಎಣ್ಣೆ ಬುಡ್ಡಿ ಬಂತು. ಖಾಲಿ ಬಾಟಲಿ, ಮುಚ್ಚಳಕ್ಕೊಂದು ತೂತು, ತೂತಿನಲ್ಲಿ ಬಟ್ಟೆಯ ಬತ್ತಿ. ಖರ್ಚು ಕಡಿಮೆ. ಆದರೆ ಅಪಾಯ ಬಹಳ. ಬುಡ್ಡಿ ಉರುಳಿದರೆ ಸೀಮೆಎಣ್ಣೆ ನೀರಿನ ಹಾಗೆ ಹರಿಯುತ್ತದೆ. ಬೆಂಕಿಯೂ ಅದರ ಜೊತೆಗೇ ಹರಿಯುತ್ತದೆ. ಸೆರಗಿಗೆ, ಕೌದಿಗೆ, ಮಗುವಿನ ಅಂಗಿಗೆ ಹತ್ತುತ್ತದೆ. ಅಡುಗೆ ಮನೆಯಲ್ಲಿ ಇರುವವರು ಹೆಂಗಸರು. ಸುಟ್ಟುಕೊಂಡವರೂ ಹೆಚ್ಚಾಗಿ ಹೆಂಗಸರು, ಮಕ್ಕಳೇ.

ಈಗ ರೇಷನ್ ಅಂಗಡಿಯಲ್ಲಿ ಸೀಮೆಎಣ್ಣೆ ಮೊದಲಿನಂತೆ ಸಿಗುವುದಿಲ್ಲ. ಬುಡ್ಡಿಗಳು ಮೂಲೆ ಸೇರಿವೆ. ಸೇರಿದ್ದು ಒಳ್ಳೆಯದೇ ಆಯಿತು.

ಹಾಗಾದರೆ ಕತ್ತಲಿಗೆ ಏನು ಮಾಡೋಣ? ಮನೆಯಲ್ಲಿ ಬಿದ್ದಿರುವ ಸಣ್ಣ ತಗಡಿನ ಡಬ್ಬಿಯಲ್ಲಿ ಮೇಣದಬತ್ತಿ ಮಾಡಿಟ್ಟುಕೊಳ್ಳಬಹುದು. ಅಂಗಡಿಯ ಉದ್ದ ಬತ್ತಿಯಲ್ಲಿ ಮೇಣ ಕರಗಿ ಪಕ್ಕಕ್ಕೆ ಸೋರಿಹೋಗುತ್ತದೆ. ಬತ್ತಿಯೂ ಬೀಳುತ್ತದೆ. ಡಬ್ಬಿಯಲ್ಲಿ ಹಾಗಿಲ್ಲ. ಕರಗಿದ ಮೇಣ ಅಲ್ಲೇ ನಿಂತು ಉರಿಯುತ್ತದೆ. ಡಬ್ಬಿ ಅಗಲವಾಗಿ ಕೂತಿರುವುದರಿಂದ ಬೇಗ ಉರುಳುವುದಿಲ್ಲ. ಉರುಳಿದರೂ ಮೇಣ ತಣ್ಣಗಾಗಿ ಗಟ್ಟಿಯಾಗುತ್ತದೆ. ಹಾಗೆಂದು ಅಪಾಯವೇ ಇಲ್ಲ ಅಂತಲ್ಲ. ಬೆಂಕಿ ಬೆಂಕಿಯೇ.

ಅತ್ತೆ, ಸೊಸೆ ಮಾತಾಡಿದ್ದು

ಸೊಸೆ: ಅತ್ತಿ, ಆ ಮೇಣದಬತ್ತಿ ತುಂಡು ಬಿಸಾಕಬ್ಯಾಡ್ರಿ. ನನಗ ಬೇಕು.

ಅತ್ತೆ: ಬೆರಳುದ್ದಾನೂ ಇಲ್ಲ ಅದು. ಏನ್ ಮಾಡ್ತಿ ಯವ್ವಾ ಅದನ್ನ?

ಸೊಸೆ: ಎಲ್ಲಾ ತುಂಡು ಕೂಡಿಸಿ, ಡಬ್ಬಿಯೊಳಗ ಹಾಕಿ ಹೊಸಾದು ಮಾಡ್ತೀನ್ರಿ.

ಅತ್ತೆ: ಅದೇನು ದೊಡ್ಡ ಕೆಲಸ! ಡಬ್ಬಿ ಒಲಿ ಮ್ಯಾಲೆ ಇಟ್ಟರ ಕರಗತೈತಿ.

ಸೊಸೆ: ಬ್ಯಾಡ್ರಿ ಅತ್ತಿ. ಹಂಗ ಮಾಡಿದರ ಮೇಣಕ್ಕ ಬೆಂಕಿ ಹತ್ತತೈತಿ. ನೀರಿನಾಗ ಇಟ್ಟು ಕರಗಿಸಬೇಕು.

ಅತ್ತೆ: ನೀರಿನಾಗ ಮೇಣ ಹಾಕ್ತಾರೇನು?

ಸೊಸೆ: ನೀರಿನಾಗ ಹಾಕಂಗಿಲ್ರಿ. ಪಾತ್ರಿಯೊಳಗ ನೀರು. ನೀರೊಳಗ ಡಬ್ಬಿ. ಡಬ್ಬಿಯೊಳಗ ಮೇಣ.

ಅತ್ತೆ: ಹಂಗಾದರ ಇದು ಇಡ್ಲಿ ಬೇಸಿದಂಗ ಆತು ಬಿಡು.

ಅತ್ತೆ ಹೇಳಿದ್ದು ಸರಿ. ಇಡ್ಲಿಗೆ ಬೆಂಕಿ ನೇರವಾಗಿ ತಾಗುವುದಿಲ್ಲ. ಮೇಣಕ್ಕೂ ತಾಗಬಾರದು. ಯಾಕೆ ಎಂದು ತಿಳಿದುಕೊಳ್ಳೋಣ. ಮೇಣ 50ರಿಂದ 60 ಡಿಗ್ರಿ ಶಾಖಕ್ಕೆ ಕರಗುತ್ತದೆ. ನೀರು 100 ಡಿಗ್ರಿಗೆ ಕುದಿಯುತ್ತದೆ. ಎಷ್ಟು ಉರಿ ಹಾಕಿದರೂ ಕುದಿಯುವ ನೀರು ಅದಕ್ಕಿಂತ ಬಿಸಿಯಾಗುವುದಿಲ್ಲ, ಆವಿಯಾಗಿ ಹೋಗುತ್ತದೆ. ಮೇಣ ಸುಮಾರು 200 ಡಿಗ್ರಿ ಕಾದರೆ ಅದರ ಹೊಗೆಗೇ ಬೆಂಕಿ ಹತ್ತುತ್ತದೆ. ನೇರ ಉರಿಯ ಮೇಲೆ ಇಟ್ಟರೆ ಅಷ್ಟು ಕಾಯಲು ಬಹಳ ಹೊತ್ತು ಬೇಡ. ನೀರಿನಲ್ಲಿ ಇಟ್ಟರೆ ಅಷ್ಟು ಕಾಯುವುದೇ ಇಲ್ಲ. ನೀರು ಇಲ್ಲಿ ಕಾವಲುಗಾರ. ಪಾತ್ರೆಯ ನೀರು ಬತ್ತಿದರೆ ಕಾವಲು ಹೋಯಿತು. ಅದಕ್ಕೇ ನಡುನಡುವೆ ನೀರು ನೋಡುತ್ತಿರಬೇಕು.

ಡಬ್ಬಿ ಆರಿಸುವುದು

ಎರಡು ಇಂಚು ಎತ್ತರ, ಎರಡು ಎರಡೂವರೆ ಇಂಚು ಅಗಲ ಇದ್ದರೆ ಸಾಕು. ಮುಲಾಮಿನ ಡಬ್ಬಿ, ಪಾಲಿಶ್ ಡಬ್ಬಿ, ಸಣ್ಣ ಕಾಫಿಪುಡಿ ಡಬ್ಬಿ ಆಗುತ್ತದೆ. ಸೋಪಿನ ನೀರಲ್ಲಿ ಜಿಡ್ಡು ಹೋಗುವಂತೆ ತೊಳೆಯಿರಿ. ಬಿಸಿಲಲ್ಲಿ ಪೂರ್ತಿ ಒಣಗಿಸಿರಿ. ಒಳಗೆ ಒಂದು ಹನಿ ನೀರೂ ಇರಬಾರದು. ನೀರು ಇದ್ದರೆ ಬತ್ತಿ ಚಟಚಟ ಅಂದು ಸಿಡಿಯುತ್ತದೆ. ಅಂಚು ಹರಿತವಾಗಿದ್ದರೆ ಕಲ್ಲಿನಿಂದ ತಟ್ಟಿ ಮಡಚಿರಿ.

ಆಳವಾದ ಡಬ್ಬಿ ಬೇಡ. ಬೆಂಕಿಗೆ ಗಾಳಿ ಬೇಕು. ಆಳದ ತಳದಲ್ಲಿ ಗಾಳಿ ಸಾಲದೆ ದೀಪ ಮಂಕಾಗುತ್ತದೆ, ಮಸಿ ಕಾರುತ್ತದೆ. ಪ್ಲಾಸ್ಟಿಕ್ ಡಬ್ಬಿ ಬೇಡವೇ ಬೇಡ, ಕರಗುತ್ತದೆ. ಟೀ ಕುಡಿಯುವ ಗಾಜಿನ ಲೋಟ ಬಿಸಿಗೆ ಒಡೆಯಬಹುದು. ತೆಂಗಿನ ಚಿಪ್ಪಿಗೆ ತಾನೇ ಬೆಂಕಿ ಹತ್ತುತ್ತದೆ. ಬಣ್ಣದ ಡಬ್ಬಿ, ಒತ್ತಿದರೆ ಹೊಗೆ ಬರುವ ಸೊಳ್ಳೆ ಔಷಧದ ಡಬ್ಬಿಯನ್ನು ಮುಟ್ಟಬೇಡಿ.

ಇನ್ನೊಂದು ಮಾತು. ನಮ್ಮ ಕಡೆ ಹತ್ತಿಗೆ, ಮೆಕ್ಕೆಜೋಳಕ್ಕೆ, ಈರುಳ್ಳಿಗೆ ಔಷಧ ಹೊಡೆಯುತ್ತೇವೆ. ಆ ಖಾಲಿ ಡಬ್ಬಿ ಗಟ್ಟಿಮುಟ್ಟಾಗಿ ಕಾಣುತ್ತದೆ. ಮನೆಗೆ ತರಬೇಡಿ. ಅದರ ಮೇಲೆ ಮೂಲೆಯಲ್ಲಿ ನಿಲ್ಲಿಸಿದ ಚೌಕದ ಗುರುತು ಇರುತ್ತದೆ. ಅದರ ಕೆಳಗಿನ ಅರ್ಧದಲ್ಲಿ ಬಣ್ಣ. ಕೆಂಪು ಎಂದರೆ ಎಲ್ಲಕ್ಕಿಂತ ಹೆಚ್ಚು ವಿಷ. ಆಮೇಲೆ ಹಳದಿ, ಆಮೇಲೆ ನೀಲಿ, ಕೊನೆಗೆ ಹಸಿರು. ಹಸಿರು ಇದ್ದರೂ ಅದು ಮನೆಯ ಡಬ್ಬಿ ಅಲ್ಲ. ತೊಳೆದರೆ ಹೋಗುತ್ತದೆ ಎನ್ನಬೇಡಿ. ಬಿಸಿಯಾದಾಗ ಉಳಿದ ವಿಷ ಹೊಗೆಯಾಗಿ ನಮ್ಮ ಮೂಗಿಗೇ ಬರುತ್ತದೆ.

ಬತ್ತಿ ಹೊಸೆಯುವುದು

ಬತ್ತಿ ಹತ್ತಿಯದೇ ಆಗಬೇಕು. ನೈಲಾನು, ಪಾಲಿಯೆಸ್ಟರ್ ದಾರ ಆಗುವುದಿಲ್ಲ. ದಾರ ಯಾವುದು ಎಂದು ತಿಳಿಯದಿದ್ದರೆ ಸಣ್ಣ ತುಂಡನ್ನು ಸುಟ್ಟು ನೋಡಿ. ಹತ್ತಿ ದಾರ ಸುಟ್ಟರೆ ಕಾಗದ ಸುಟ್ಟ ವಾಸನೆ ಬರುತ್ತದೆ, ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗುಂಡಗೆ ಮಣಿಯಂತಾಗುತ್ತದೆ.

ದೇವರ ದೀಪಕ್ಕೆ ಬತ್ತಿ ಹೊಸೆಯುವುದು ನಮಗೆ ಯಾರೂ ಕಲಿಸಬೇಕಾಗಿಲ್ಲ. ಆದರೆ ಇಲ್ಲಿ ಸ್ವಲ್ಪ ಬೇರೆ. ಮೂರು ಎಳೆ ಹತ್ತಿ ದಾರ ತೆಗೆದುಕೊಂಡು ಜಡೆ ಹೆಣೆದಂತೆ ಬಿಗಿಯಾಗಿ ಹೆಣೆಯಿರಿ. ಕಡ್ಡಿಪೆಟ್ಟಿಗೆಯ ಕಡ್ಡಿಯಷ್ಟು ದಪ್ಪ ಇರಲಿ. ತೀರ ದಪ್ಪ ಆದರೆ ಉರಿ ದೊಡ್ಡದಾಗಿ ಹೊಗೆ ಬರುತ್ತದೆ. ತೀರ ತೆಳ್ಳಗಾದರೆ ಕರಗಿದ ಮೇಣದಲ್ಲಿ ಮುಳುಗಿ ಆರಿಹೋಗುತ್ತದೆ. ಡಬ್ಬಿ ಮೂರು ಇಂಚಿಗಿಂತ ಅಗಲ ಇದ್ದರೆ ಎರಡು ಬತ್ತಿ ಇಡಿ. ಎರಡು ಬತ್ತಿಗೆ ಬೆಳಕು ಹೆಚ್ಚು, ಆದರೆ ಮೇಣ ಅರ್ಧ ಹೊತ್ತಿಗೇ ಮುಗಿಯುತ್ತದೆ.

ಹೆಣೆದ ಬತ್ತಿಯನ್ನು ಕರಗಿದ ಮೇಣದಲ್ಲಿ ಒಮ್ಮೆ ಅದ್ದಿ ತೆಗೆದು, ನೆಟ್ಟಗೆ ಎಳೆದು ಆರಲು ಬಿಡಿ. ಆಗ ಅದು ಕಡ್ಡಿಯ ಹಾಗೆ ನಿಲ್ಲುತ್ತದೆ.

ಕರಗಿಸುವುದು, ಹೊಯ್ಯುವುದು

ಹಳೆಯ ಬತ್ತಿಗಳ ತುಂಡು ಕೂಡಿಡಿ. ಸಾಲದಿದ್ದರೆ ಅಂಗಡಿಯ ಮೇಣ ಇಲ್ಲವೇ ಅಗ್ಗದ ಬಿಳಿ ಮೇಣದಬತ್ತಿ ತನ್ನಿ. ತುಂಡುಗಳ ನಡುವೆ ಸಂದು ಇರುವುದರಿಂದ ಒಂದು ಡಬ್ಬಿ ತುಂಬಲು ಸುಮಾರು ಎರಡು ಡಬ್ಬಿ ತುಂಡು ಬೇಕಾಗುತ್ತದೆ.

ಮೇಣ ಕರಗಿಸಲು ಒಂದು ಹಳೆಯ ಡಬ್ಬಿಯನ್ನೇ ಬೇರೆಯಾಗಿ ಇಡಿ. ಅಡುಗೆ ಪಾತ್ರೆ ಬೇಡ. ಡಬ್ಬಿಯ ಬಾಯನ್ನು ಒಂದು ಕಡೆ ಚಿವುಟಿ ಮೂತಿ ಮಾಡಿದರೆ ಹೊಯ್ಯಲು ಸುಲಭ. ಅಗಲ ಪಾತ್ರೆಯಲ್ಲಿ ನಾಲ್ಕು ಬೆರಳು ನೀರು ಹಾಕಿ. ತಳದಲ್ಲಿ ಒಂದು ಚಪ್ಪಟೆ ಕಲ್ಲು ಇಟ್ಟು ಅದರ ಮೇಲೆ ಡಬ್ಬಿ ಇಡಿ. ಉರಿ ಸಣ್ಣಗಿರಲಿ. ಕಟ್ಟಿಗೆ ಒಲೆಯಲ್ಲಿ ಉರಿ ಪಾತ್ರೆಯ ಬದಿಗೆ ಏರಿ ಬರುತ್ತದೆ. ಅದಕ್ಕೇ ಕಟ್ಟಿಗೆ ಒಲೆಗಿಂತ ಗ್ಯಾಸು ಮೇಲು. ಕಟ್ಟಿಗೆ ಒಲೆಯೇ ಇದ್ದರೆ ಉರಿ ಎಳೆದು ಕೆಂಡದ ಮೇಲೆ ಮಾಡಿ.

ಈ ಕೆಲಸ ಹಗಲಿನಲ್ಲಿ ಮಾಡಿ. ಕರೆಂಟು ಹೋದ ಮೇಲೆ ಕತ್ತಲಲ್ಲಿ ಮಾಡುವ ಕೆಲಸ ಇದಲ್ಲ. ಮಕ್ಕಳು ಶಾಲೆಗೆ ಹೋದಾಗ ಇನ್ನೂ ಒಳ್ಳೆಯದು. ಸೆರಗು ಸೊಂಟಕ್ಕೆ ಸಿಕ್ಕಿಸಿ. ನೂಲಿನ ಸೀರೆ ಉಡಿ, ಜಾರುವ ನೈಲೆಕ್ಸ್ ಸೀರೆ ಅವತ್ತು ಬೇಡ. ಪಕ್ಕದಲ್ಲಿ ಪಾತ್ರೆ ಮುಚ್ಚುವಂಥ ಒಂದು ತಟ್ಟೆ, ಒಂದು ಬೋಗುಣಿ ಮರಳು ಇರಲಿ. ಒಲೆ ಬಿಟ್ಟು ಹೋಗಬೇಡಿ. ಯಾರಾದರೂ ಕರೆದರೆ ಮೊದಲು ಒಲೆ ಆರಿಸಿ, ಆಮೇಲೆ ಹೋಗಿ.

ಮೇಣ ಎಣ್ಣೆಯ ಹಾಗೆ ತಿಳಿಯಾದ ಮೇಲೆ ಒಲೆ ಆರಿಸಿ. ಡಬ್ಬಿಯನ್ನು ಇಕ್ಕಳದಿಂದ ಹಿಡಿದು ಎತ್ತಿ. ಹೊರಗೆ ಅಂಟಿದ ನೀರನ್ನು ಬಟ್ಟೆಯಿಂದ ಒರೆಸಿ. ಇಲ್ಲದಿದ್ದರೆ ಹೊಯ್ಯುವಾಗ ನೀರು ಹನಿಯುತ್ತದೆ.

ಮೊದಲು ಒಂದು ಚಮಚೆಯಷ್ಟು ಮೇಣ ತಳಕ್ಕೆ ಹಾಕಿ ಬತ್ತಿ ನಿಲ್ಲಿಸಿ. ಅದು ಗಟ್ಟಿಯಾಗಿ ಬತ್ತಿಯನ್ನು ಹಿಡಿದುಕೊಳ್ಳುತ್ತದೆ. ಬತ್ತಿಯ ಮೇಲಿನ ತುದಿಯನ್ನು ಒಂದು ಕಡ್ಡಿಗೆ ಸುತ್ತಿ, ಕಡ್ಡಿಯನ್ನು ಡಬ್ಬಿಯ ಬಾಯಿಗೆ ಅಡ್ಡ ಇಡಿ. ಈಗ ಉಳಿದ ಮೇಣವನ್ನು ನಿಧಾನವಾಗಿ ಹೊಯ್ಯಿರಿ. ಬಾಯಿಂದ ಅರ್ಧ ಇಂಚು ಕೆಳಗೆ ನಿಲ್ಲಿಸಿ.

ಆರಿದಂತೆ ಬತ್ತಿಯ ಸುತ್ತ ಒಂದು ಗುಂಡಿ ಬೀಳುತ್ತದೆ. ನೀವು ತಪ್ಪು ಮಾಡಿದಿರಿ ಅಂತಲ್ಲ. ಮೇಣ ಗಟ್ಟಿಯಾಗುವಾಗ ಕುಗ್ಗುತ್ತದೆ, ಅಷ್ಟೇ. ಉಳಿಸಿದ ಮೇಣ ಮತ್ತೆ ಕರಗಿಸಿ ಗುಂಡಿ ತುಂಬಿ. ನಾಲ್ಕೈದು ತಾಸು ಅಲುಗಾಡಿಸಬೇಡಿ. ಬೇಗ ಆರಲಿ ಎಂದು ತಣ್ಣೀರಲ್ಲಿ ಇಡಬೇಡಿ, ಬಿರಿಯುತ್ತದೆ. ಕೊನೆಗೆ ಬತ್ತಿಯನ್ನು ಕಾಲು ಇಂಚು ಉಳಿಸಿ ಕತ್ತರಿಸಿ.

ಬಣ್ಣ ಬರಲಿ ಎಂದು ಮಕ್ಕಳ ಬಣ್ಣದ ಕಡ್ಡಿ ಹಾಕಬೇಡಿ. ಅದು ಬತ್ತಿಯ ಎಳೆಗಳನ್ನು ಕಟ್ಟುತ್ತದೆ. ಚೆನ್ನಾಗಿ ಉರಿಯಲಿ ಎಂದು ಸೀಮೆಎಣ್ಣೆ, ಪೆಟ್ರೋಲು ಬೆರೆಸುವುದಂತೂ ಪ್ರಾಣಕ್ಕೇ ಸಂಚಕಾರ. ಬೇವಿನೆಣ್ಣೆ ಹಾಕಿದರೆ ಸೊಳ್ಳೆ ಬರುವುದಿಲ್ಲ ಎನ್ನುತ್ತಾರೆ. ಅದನ್ನು ನಂಬಿ ಸೊಳ್ಳೆ ಪರದೆ ಬಿಡಬೇಡಿ.

ಮೇಣದಬತ್ತಿ ಉರಿಯುವುದು ಹೇಗೆ?

ಉರಿಯುವುದು ದಾರ ಎಂದು ನಾವು ಅಂದುಕೊಳ್ಳುತ್ತೇವೆ. ದಾರವೇ ಉರಿಯುವುದಾದರೆ ಗಳಿಗೆಯಲ್ಲಿ ಸುಟ್ಟು ಹೋಗಬೇಕಿತ್ತು. ನಿಜವಾಗಿ ಉರಿಯುವುದು ಮೇಣ. ಬೆಂಕಿಯ ಬಿಸಿಗೆ ಮೇಣ ಕರಗುತ್ತದೆ. ಸೀರೆಯ ಅಂಚು ನೀರಿಗೆ ತಾಗಿದರೆ ನೀರು ಮೇಲೇರುತ್ತದಲ್ಲ, ಹಾಗೆ ಕರಗಿದ ಮೇಣ ಬತ್ತಿಯಲ್ಲಿ ಮೇಲೇರುತ್ತದೆ. ತುದಿಯಲ್ಲಿ ಆವಿಯಾಗುತ್ತದೆ. ಆ ಆವಿ ಉರಿದು ಬೆಳಕಾಗುತ್ತದೆ. ದೀಪ ಊದಿದ ಕೂಡಲೇ ಬಿಳಿ ಹೊಗೆ ಏಳುತ್ತದೆ. ಅದು ಉರಿಯದೆ ಉಳಿದ ಮೇಣವೇ. ಆ ಹೊಗೆಗೆ ಕಡ್ಡಿ ಗೀರಿ ಹಿಡಿದರೆ ಬೆಂಕಿ ಹೊಗೆಯಲ್ಲೇ ಇಳಿದು ಬತ್ತಿಗೆ ಹತ್ತುತ್ತದೆ.

ಇದನ್ನೆಲ್ಲ ಮಕ್ಕಳಿಗೆ ಬಿಡಿಸಿ ಹೇಳಿದವನು ಮೈಕೆಲ್ ಫ್ಯಾರಡೆ. ಇಂಗ್ಲೆಂಡಿನವನು. 1791ರಲ್ಲಿ ಹುಟ್ಟಿದ. ತಂದೆ ಕಮ್ಮಾರ. ಮನೆಯಲ್ಲಿ ಬಡತನ. ಶಾಲೆಯ ಓದು ಅಷ್ಟಕ್ಕಷ್ಟೆ. 14ನೇ ವಯಸ್ಸಿಗೆ ಪುಸ್ತಕಕ್ಕೆ ರಟ್ಟು ಕಟ್ಟುವ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ. ರಟ್ಟು ಕಟ್ಟಲು ಬಂದ ಪುಸ್ತಕಗಳನ್ನೇ ಓದಿ ಓದಿ ವಿಜ್ಞಾನಿಯಾದ. 1860ರ ಕ್ರಿಸ್ಮಸ್ ಹೊತ್ತಿಗೆ ಲಂಡನ್ನಿನಲ್ಲಿ ಮೇಣದಬತ್ತಿ ಒಂದರ ಬಗ್ಗೆಯೇ ಆರು ಪಾಠ ಮಾಡಿದ. ಅವು 1861ರಲ್ಲಿ ಪುಸ್ತಕವಾದವು.

ತಮಾಷೆ ನೋಡಿ. ತಂತಿಯ ಸುರುಳಿಯ ಹತ್ತಿರ ಅಯಸ್ಕಾಂತ ಆಡಿಸಿದರೆ ಕರೆಂಟು ಹುಟ್ಟುತ್ತದೆ ಎಂದು 1831ರಲ್ಲಿ ಕಂಡುಹಿಡಿದವನೂ ಇವನೇ. ಹೊಸಪೇಟೆ ಹತ್ತಿರ ತುಂಗಭದ್ರಾ ಅಣೆಕಟ್ಟಿನಲ್ಲಿ ನೀರಿನಿಂದ ಕರೆಂಟು ತೆಗೆಯುವುದೂ ಅದೇ ದಾರಿಯಲ್ಲಿ. ಕರೆಂಟು ಇದ್ದರೂ ಫ್ಯಾರಡೆ, ಹೋದರೂ ಫ್ಯಾರಡೆ!

ಹಚ್ಚುವಾಗ

ಕಡ್ಡಿ ಗೀರುವ ಮೊದಲು ಮೂಗಿಗೆ ಕೆಲಸ ಕೊಡಿ. ಗ್ಯಾಸಿನ ವಾಸನೆ ಬಂದರೆ ಕಡ್ಡಿ ಗೀರಬೇಡಿ. ಸ್ವಿಚ್ಚು ಕೂಡ ಒತ್ತಬೇಡಿ. ಸಿಲಿಂಡರಿನ ರೆಗ್ಯುಲೇಟರ್ ಬಂದ್ ಮಾಡಿ, ಕಿಟಕಿ ಬಾಗಿಲು ತೆರೆದು ಹೊರಗೆ ಬನ್ನಿ. ಹೊರಗೆ ಬಂದು 1906ಕ್ಕೆ ಫೋನು ಮಾಡಿ.

ಡಬ್ಬಿ ಬಿಸಿಯಾಗುತ್ತದೆ. ಕಲ್ಲಿನ ಮೇಲೋ, ಮರಳು ಹಾಕಿದ ತಟ್ಟೆಯಲ್ಲೋ ಇಡಿ. ಪ್ಲಾಸ್ಟಿಕ್ ಸ್ಟೂಲಿನ ಮೇಲೆ, ಟಿವಿಯ ಮೇಲೆ ಬೇಡ. ಗೋಡೆಯ ಮಾಡದಲ್ಲಿ ಇಡುವುದಾದರೆ ಮೇಲೆ ಬಟ್ಟೆ, ಕ್ಯಾಲೆಂಡರು ತೂಗುತ್ತಿರಬಾರದು. ಮನೆಯಲ್ಲಿ ಹತ್ತಿ ಕೂಡಿಟ್ಟಿದ್ದರೆ, ಸೊಪ್ಪೆ ಇದ್ದರೆ, ಆ ಕೋಣೆಗೆ ದೀಪ ಒಯ್ಯಬೇಡಿ. ಅಲ್ಲಿಗೆ ಬ್ಯಾಟರಿಯೇ ಬೇಕು. ಹಡಗಲಿ ಕಡೆ ಕತ್ತಲಲ್ಲೇ ಮಲ್ಲಿಗೆ ಬಿಡಿಸಲು ಹೋಗುವವರಿಗೂ ಬ್ಯಾಟರಿಯೇ ಸರಿ, ಗಾಳಿಗೆ ಮೇಣದಬತ್ತಿ ನಿಲ್ಲುವುದಿಲ್ಲ. ಸೊಳ್ಳೆ ಪರದೆಯ ಹತ್ತಿರ, ತೊಟ್ಟಿಲ ಹತ್ತಿರ ಇಡಬೇಡಿ. ಕಿಟಕಿ ಸ್ವಲ್ಪ ತೆರೆದಿರಲಿ. ಮಲಗುವ ಮುಂಚೆ ಆರಿಸಿ. ಒಂದೇ ಸಮನೆ ಮೂರು ತಾಸಿಗಿಂತ ಹೆಚ್ಚು ಉರಿಸಬೇಡಿ. ತಳದಲ್ಲಿ ಅರ್ಧ ಬೆರಳು ಮೇಣ ಉಳಿದಾಗ ನಿಲ್ಲಿಸಿ, ಅದನ್ನು ಮುಂದಿನ ಡಬ್ಬಿಗೆ ಸೇರಿಸಿ.

ಬೆಳಕು ಎಷ್ಟು ಬರುತ್ತದೆ? ಸುಳ್ಳು ಹೇಳಬಾರದು. 9 ವ್ಯಾಟಿನ ಒಂದು ಎಲ್ಇಡಿ ಬಲ್ಬಿನ ಬೆಳಕು ಸುಮಾರು 60, 70 ಮೇಣದಬತ್ತಿಗೆ ಸಮ. ಡಬ್ಬಿ ದೀಪದಲ್ಲಿ ಅನ್ನ ಬಡಿಸಬಹುದು, ನಡೆದಾಡಬಹುದು. ಕಾಳು ಆರಿಸುವುದು, ಬಟ್ಟೆ ಹೊಲಿಯುವುದು ಕಷ್ಟ. ಹಿಂದೆ ಒಂದು ಹೊಳೆಯುವ ಸ್ಟೀಲು ತಟ್ಟೆ ನಿಲ್ಲಿಸಿದರೆ ಮುಂದಕ್ಕೆ ಬೆಳಕು ಹೆಚ್ಚು ಬೀಳುತ್ತದೆ. ಕೈಲಿ ಹಣ ಇದ್ದರೆ ಸೌರ ದೀಪವೋ ಚಾರ್ಜು ಬ್ಯಾಟರಿಯೋ ಇದಕ್ಕಿಂತ ಒಳ್ಳೆಯದು. ಅದೂ ಕೈಕೊಟ್ಟ ದಿನಕ್ಕೆ ಈ ಡಬ್ಬಿ.

ಮಹಿಳಾ ಸಂಘದಲ್ಲಿ ಇದನ್ನು ಮಾಡಿ ಮಾರಬಹುದೇ ಎಂದು ಕೇಳುವವರಿದ್ದಾರೆ. ನಮಗೆ ಅಷ್ಟು ಸರಿ ಕಾಣುವುದಿಲ್ಲ. ಕಾರ್ಖಾನೆಯ ಬತ್ತಿ ಅಗ್ಗ. ನಮ್ಮ ಡಬ್ಬಿಗಳು ಒಂದೊಂದು ಒಂದೊಂದು ಅಳತೆ. ಇನ್ನೊಬ್ಬರ ಮನೆಯಲ್ಲಿ ಅದು ಹೇಗೆ ಉರಿಯುತ್ತದೋ ನಾವು ನೋಡಲಾರೆವು. ನಮ್ಮ ಮನೆಗೆ, ಒಂಟಿ ಇರುವ ಪಕ್ಕದ ಮನೆ ಅಜ್ಜಿಗೆ ಮಾಡಿಕೊಟ್ಟರೆ ಸಾಕು.

ಬೆಂಕಿ ತಾಗಿದರೆ

ಕರಗಿಸುವಾಗ ಮೇಣಕ್ಕೆ ಬೆಂಕಿ ಹತ್ತಿದರೆ ನೀರು ಹಾಕಬೇಡಿ. ಕಾದ ಮೇಣಕ್ಕೆ ಬಿದ್ದ ನೀರು ಒಮ್ಮೆಲೇ ಆವಿಯಾಗಿ ಉರಿಯುವ ಮೇಣವನ್ನು ಮುಖಕ್ಕೆ ಎರಚುತ್ತದೆ. ಒಲೆ ಆರಿಸಿ. ತಟ್ಟೆ ಮುಚ್ಚಿ ಇಲ್ಲವೇ ಮರಳು ಸುರಿಯಿರಿ. ಡಬ್ಬಿ ಎತ್ತಿಕೊಂಡು ಹೊರಗೆ ಓಡಬೇಡಿ.

ಸೀರೆಗೆ ಬೆಂಕಿ ಹತ್ತಿದರೆ ಓಡಬೇಡಿ. ಓಡಿದರೆ ಗಾಳಿಗೆ ಬೆಂಕಿ ಏರುತ್ತದೆ. ಮುಖ ಕೈಯಲ್ಲಿ ಮುಚ್ಚಿಕೊಂಡು ನೆಲಕ್ಕೆ ಬಿದ್ದು ಉರುಳಿ. ನೋಡಿದವರು ಕಂಬಳಿ ಇಲ್ಲವೇ ದಪ್ಪ ಕೌದಿ ಹೊದಿಸಿ ಒತ್ತಬೇಕು.

ಮೈ ಸುಟ್ಟರೆ 20 ನಿಮಿಷ ತಣ್ಣೀರು ಹರಿಸಿ. ಮಂಜುಗಡ್ಡೆ ಬೇಡ. ಬಾವು ಬರುವ ಮೊದಲೇ ಬಳೆ, ಉಂಗುರ ತೆಗೆಯಿರಿ. ಅಂಟಿದ ಮೇಣವನ್ನು ಕೀಳಬೇಡಿ. ಶಾಯಿ, ಹಲ್ಲುಜ್ಜುವ ಪೇಸ್ಟು, ಅರಿಶಿನ, ಎಣ್ಣೆ ಹಚ್ಚಬೇಡಿ. ಗುಳ್ಳೆ ಒಡೆಯಬೇಡಿ. ಒಗೆದ ಬಟ್ಟೆ ಸಡಿಲವಾಗಿ ಮುಚ್ಚಿ ಆಸ್ಪತ್ರೆಗೆ ಹೋಗಿ. ಗಾಯ ಅಂಗೈಗಿಂತ ದೊಡ್ಡದಿದ್ದರೆ, ಮುಖಕ್ಕೆ ತಾಗಿದ್ದರೆ, ಸುಟ್ಟದ್ದು ಮಗು ಆಗಿದ್ದರೆ ತಡ ಮಾಡದೆ 108ಕ್ಕೆ ಫೋನು ಮಾಡಿ.

ಓದಿ, ಲೆಕ್ಕ ಮಾಡಿ, ಬರೆಯಿರಿ

1. ಮೇಣವನ್ನು ನೀರಿನ ಪಾತ್ರೆಯಲ್ಲಿ ಇಟ್ಟು ಕರಗಿಸುವುದು ಯಾಕೆ?

2. ನಿಮ್ಮ ಮನೆಯ ಮೂರು ಡಬ್ಬಿ ತನ್ನಿ. ಮೇಲಿನ ಅಕ್ಷರ ಓದಿ. ಯಾವುದು ಆಗುತ್ತದೆ? ಯಾವುದು ಆಗುವುದಿಲ್ಲ?

3. ಒಂದು ಬತ್ತಿ ತಾಸಿಗೆ ಸುಮಾರು 7 ಗ್ರಾಂ ಮೇಣ ಉರಿಸುತ್ತದೆ. ಡಬ್ಬಿಯಲ್ಲಿ 105 ಗ್ರಾಂ ಇದೆ. ಎಷ್ಟು ತಾಸು ಉರಿಯುತ್ತದೆ? ದಿನಕ್ಕೆ 3 ತಾಸಿನಂತೆ ಎಷ್ಟು ರಾತ್ರಿ ಬರುತ್ತದೆ?

4. ಒಂದು ಚೀಟಿಯಲ್ಲಿ ಕೆಳಗಿನದನ್ನು ದೊಡ್ಡ ಅಕ್ಷರದಲ್ಲಿ ಬರೆಯಿರಿ. ಡಬ್ಬಿ, ಕಡ್ಡಿಪೆಟ್ಟಿಗೆ ಇಡುವ ಜಾಗದ ಮೇಲೆ ಗೋಡೆಗೆ ಅಂಟಿಸಿ. ಮಕ್ಕಳ ಕೈಗೆ ಸಿಗದ ಎತ್ತರ ಇರಲಿ.

ಕರೆಂಟು ಹೋದರೆ, ತಂತಿ ಹರಿದರೆ: 1912
(ಹರಿದ ತಂತಿ ಮುಟ್ಟಬಾರದು)
ಗ್ಯಾಸು ಸೋರಿದರೆ: 1906
ಬೆಂಕಿ ಬಿದ್ದರೆ: 112
ಆಂಬುಲೆನ್ಸ್: 108